ಗಾಜಿನ ಆಚೆಗಿನ ಅರ್ಧ ಗಂಟೆ

ಆತ್ಮೀಯರೇ,

ಈ ಸಭೆಯಲ್ಲಿರುವ ಕೆಲವರ ಮನೆಯವರು ಈಗ ಸೆರೆಮನೆಯಲ್ಲಿದ್ದಾರೆ ಎಂಬುದನ್ನು ಬಲ್ಲೆ. ಆದ್ದರಿಂದ ಅಪರಾಧ, ಶಿಕ್ಷೆಗಳ ಚರ್ಚೆಗೆ ಹೋಗದೆ, ಮೊದಲ ಭೇಟಿಗೆ ಹೊರಡುವವರ ಸಿದ್ಧತೆಯ ಬಗ್ಗೆಯಷ್ಟೇ ಮಾತನಾಡುತ್ತೇನೆ.

ನನ್ನ ಅಣ್ಣನನ್ನು ನೋಡಲು ಮೊದಲ ಸಲ ಹೋದಾಗ ನಮಗೆ ಸಿಕ್ಕಿದ್ದು 30 ನಿಮಿಷ. ಸರದಿಯಲ್ಲಿ ನಿಂತ ಆಯಾಸವನ್ನೂ, ಗುರುತಿನ ಚೀಟಿಯ ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದುದಕ್ಕೆ ಬಾಗಿಲಲ್ಲಿ ನಡೆದ ವಾದವನ್ನೂ ನಾನು ಹೇಳುತ್ತಲೇ ಹೋದೆ. ಗಾಜಿನ ಆಚೆ ಅವನು ರಿಸೀವರನ್ನು ಎರಡೂ ಕೈಗಳಿಂದ ಕಿವಿಗೊತ್ತಿಕೊಂಡು ಕೇಳುತ್ತಿದ್ದ. ಸಮಯವಾಯಿತೆಂದು ಗಂಟೆ ಹೊಡೆದಾಗ, "ಅಮ್ಮನಿಗೆ ರಾತ್ರಿ ನಿದ್ದೆ ಬರ್ತಿದೆಯಾ?" ಎಂದ. ನನ್ನ ಉತ್ತರ ಮುಗಿಯುವ ಮೊದಲೇ ಫೋನಿನ ಸಂಪರ್ಕ ಕಡಿದುಹೋಯಿತು.

ಬಾಗಿಲ ಬಳಿಯ ತೊಡಕುಗಳು ಆ ಅರ್ಧ ಗಂಟೆಯೊಳಕ್ಕೆ ನುಗ್ಗದಂತೆ ನೋಡಿಕೊಳ್ಳುವುದೇ ಮನೆಯಲ್ಲಿ ಮಾಡಬೇಕಾದ ಸಿದ್ಧತೆ. ನಿಯಮಗಳು ಒಂದೊಂದು ಸೆರೆಮನೆಯಲ್ಲಿ ಒಂದೊಂದು ಬಗೆ. ಅನುಮತಿ ಪಡೆದವರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ, ಯಾವ ಗುರುತಿನ ಚೀಟಿ ಬೇಕು, ಮಕ್ಕಳಿಗೆ ಯಾವ ದಾಖಲೆ ಬೇಕು ಎಂಬುದನ್ನು ಮೊದಲೇ ವಿಚಾರಿಸಿ; ಒಳಗೆ ಏನಾದರೂ ಗಲಭೆಯಾದರೆ ಭೇಟಿ ರದ್ದಾಗುವುದುಂಟು, ಹಾಗಾಗಿ ಹೊರಡುವ ದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಿ. ಕೈದಿಗಳ ಅಥವಾ ಸಿಬ್ಬಂದಿಯ ಸಮವಸ್ತ್ರದ ಬಣ್ಣದ ಬಟ್ಟೆ, ಲೋಹದ ಗುಂಡಿ, ಕೂದಲಿನ ಪಿನ್ನು ಇವೆಲ್ಲ ತಪಾಸಣೆಯಲ್ಲಿ ತೊಂದರೆ ಕೊಡಬಹುದು. ಮೊಬೈಲನ್ನು ಒಳಗೆ ಬಿಡುವುದಿಲ್ಲವೆಂದೇ ತಿಳಿಯಿರಿ.

ತಪಾಸಣೆಯಲ್ಲಿ ಅವಮಾನವೆನಿಸುವುದು ಸಹಜ. ವಿಶ್ವಸಂಸ್ಥೆಯ ಮಹಾಸಭೆ 2015ರಲ್ಲಿ ಒಪ್ಪಿದ, ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ನೆಲ್ಸನ್ ಮಂಡೇಲಾ ನಿಯಮಗಳ ಪೈಕಿ 60ನೆಯದು, ಭೇಟಿಗೆ ಬಂದವರನ್ನು ಹೀನಾಯವಾಗಿ ತಪಾಸಣೆ ಮಾಡಕೂಡದು ಎನ್ನುತ್ತದೆ. ಆ ನಿಯಮಗಳಿಗೆ ಮಂಡೇಲಾ ಅವರ ಹೆಸರಿಟ್ಟದ್ದು ನನಗೆ ತುಂಬ ಸರಿಯೆನಿಸುತ್ತದೆ. ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದಲ್ಲಿನ ಸೆರೆವಾಸದ ಆರಂಭದ ವರ್ಷಗಳಲ್ಲಿ ಅವರಿಗೆ ಆರು ತಿಂಗಳಿಗೆ ಒಂದು ಭೇಟಿ, ಒಂದು ಪತ್ರ ಮಾತ್ರ ದಕ್ಕುತ್ತಿದ್ದವು. ಪತ್ನಿ ವಿನ್ನಿಯವರ ಕೈ ಮುಟ್ಟಲು 1984ರವರೆಗೆ, ಅಂದರೆ ಸುಮಾರು 21 ವರ್ಷ, ಅವರು ಕಾಯಬೇಕಾಯಿತು.

ಮಕ್ಕಳನ್ನು ಕರೆದೊಯ್ಯುವುದಾದರೆ ಸುಳ್ಳು ಹೇಳಿ ಕರೆದೊಯ್ಯಬೇಡಿ. "ಅಪ್ಪ ದೂರದ ಊರಲ್ಲಿ ಕೆಲಸದಲ್ಲಿದ್ದಾರೆ" ಎಂದು ನಂಬಿದ್ದ ಮಗು ಎತ್ತರದ ಗೋಡೆಯನ್ನೂ ಬೀಗಗಳನ್ನೂ ಕಂಡಾಗ, ಅಪ್ಪನ ಸ್ಥಿತಿಗಿಂತ ನಿಮ್ಮ ಮಾತಿನ ಬಗೆಗೇ ಹೆಚ್ಚು ಗಾಬರಿಗೊಳ್ಳುತ್ತದೆ. ಗಾಜು ಅಡ್ಡ ಇರುತ್ತದೆ, ಅಪ್ಪ ಎತ್ತಿಕೊಳ್ಳಲಾರರು, ಹೊರಡುವಾಗ ಅವರು ನಮ್ಮ ಜೊತೆ ಬರುವುದಿಲ್ಲ: ಈ ಮೂರನ್ನು ಹಿಂದಿನ ದಿನವೇ ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಕಡೆಯದನ್ನು ಎರಡು ಸಲ ಹೇಳಬೇಕಾದೀತು.

ಇನ್ನು ಮಾತು. ಮೊಕದ್ದಮೆಯ ವಿವರಗಳನ್ನು ವಕೀಲರಿಗೆ ಬಿಡಿ. ಅಲ್ಲಿ ಆಡುವ ಮಾತನ್ನು ಬೇರೆಯವರು ಕೇಳಿಸಿಕೊಳ್ಳುತ್ತಿರಬಹುದು. ಒಳಗಿರುವವರು ಹಂಬಲಿಸುವುದು ಮನೆಯ ಸಣ್ಣಪುಟ್ಟ ಸುದ್ದಿಗೆ. ಎರಡನೆಯ ಸಲ ನಾನು ಅಮ್ಮನ ನಿದ್ದೆಯ ವಿಷಯದಿಂದಲೇ ಆರಂಭಿಸಿದೆ. ಕಾಗದ ಒಯ್ಯಲು ಬಿಡದಿದ್ದರೆ ಹೇಳಲೇಬೇಕಾದ ಎರಡು ಮೂರು ಸಂಗತಿಗಳನ್ನು ದಾರಿಯುದ್ದಕ್ಕೂ ನೆನಪಿಸಿಕೊಳ್ಳುತ್ತಾ ಹೋಗಿ. ಅವರು ಸೊರಗಿರಬಹುದು, ಮಾತೇ ಹೊರಡದಿರಬಹುದು. ಆಗ ಪ್ರಶ್ನೆಗಳ ಮಳೆ ಸುರಿಸದೆ ಎದುರಿಗೆ ಸುಮ್ಮನೆ ಕುಳಿತಿರಿ. ಆ ನಿಮಿಷಗಳು ವ್ಯರ್ಥವಾಗುವುದಿಲ್ಲ.

ಮರಳಿ ಬಂದ ಸಂಜೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಹೇಳಬೇಕೆಂದಿದ್ದ ಮಾತುಗಳು ಆಗಲೇ ಒಂದೊಂದಾಗಿ ನೆನಪಾಗುತ್ತವೆ. ಅಂದೇ ರಾತ್ರಿ ಕುಳಿತು ಅವನ್ನು ಒಂದು ಕಾಗದದಲ್ಲಿ ಬರೆದು, ಮರುದಿನ ಅಂಚೆಗೆ ಹಾಕಿ.