ಸೋಸೋದು ತಾಮ್ರವಲ್ಲ, ಹೊಟ್ಟು

ತಾಮ್ರದ ಪೈಪಿಗೆ 150ಕ್ಕೂ ಹೆಚ್ಚು ಸೀಳು ಕೊಯ್ದು, ಆಮೇಲೆ ಅದರ ಜಾಯಿಂಟುಗಳಿಂದ ಮಾತ್ರ ಒಂದು ಹನಿಯೂ ಸೋರಬಾರದು ಅಂತ ಟಾರ್ಚ್ ಹಿಡಿದು ಬೆಸುಗೆಗೆ ಕೂರ್ತಾರಲ್ಲ, ಅವರನ್ನ ಕಂಡರೆ ನನಗೆ ನಗು ತಡೆಯೋಕಾಗಲ್ಲ. ಸೋರಲಿ ಅಂತಲೇ ಮಾಡಿದ ವಸ್ತು ಅದು! ಇವತ್ತಿನ ಮಾತೆಲ್ಲ ಇದರ ಸುತ್ತಲೇ: ಮನೆಯಲ್ಲೇ ಬಿಯರ್ ಮಾಡೋರ ಮ್ಯಾಶ್ ಕೂಲರ್, ಅಂದರೆ ಕಾಳು ನೆನೆಹಾಕೋ ಐಸ್ ಬಾಕ್ಸ್, ಅದರ ತಳದಲ್ಲಿ ಕೂರೋ ತಾಮ್ರದ ಮ್ಯಾನಿಫೋಲ್ಡ್, ಅಂದರೆ ಸೀಳು ಕೊಯ್ದ ಪೈಪುಗಳ ಜೋಡಣೆ. ಇದರ ಬಗ್ಗೆ ಜನ ತಲೆ ಕೆಡಿಸಿಕೊಳ್ಳೋ ಜಾಗವೇ ಬೇರೆ, ಕೆಡಿಸಿಕೊಳ್ಳಬೇಕಾದ ಜಾಗವೇ ಬೇರೆ.

ಅದಕ್ಕೂ ಮುಂಚೆ ಕಾನೂನು. ನಾನಿರೋದು ಅಮೆರಿಕದಲ್ಲಿ. 1978ರ ಅಕ್ಟೋಬರ್‌ನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಇಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಂಡರೆ ತೆರಿಗೆ ಇಲ್ಲ. ಒಬ್ಬರೇ ವಯಸ್ಕರಿರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಮೂವರೋ ಇದ್ದರೆ 200. ಮಾರೋ ಹಾಗಿಲ್ಲ. ಆದರೂ ಎಲ್ಲ ರಾಜ್ಯಗಳೂ ಹೂಂ ಅನ್ನೋ ಹೊತ್ತಿಗೆ 2013 ಆಗಿತ್ತು. ಕೊನೆಗೆ ಒಪ್ಪಿದ್ದು ಮಿಸಿಸಿಪಿ, ಅಲಬಾಮಾ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಬಿಯರ್ ಕೂಡ ಅದರಲ್ಲೇ ಬಂತು. ಬೆಂಗಳೂರಿಂದ "ಅಣ್ಣಾ, ನಾವೂ ಶುರು ಮಾಡೋಣ್ವಾ?" ಅಂತ ಕೇಳೋ ತಮ್ಮಂದಿರಿಗೆ ನನ್ನ ಉತ್ತರ ಒಂದೇ: ಬೇಡಪ್ಪಾ, ಸುಮ್ಮನೆ ಇದನ್ನ ನೋಡಿ ಖುಷಿಪಡು.

ಸರಿ, ಹೊಸಬರಿಗೆ ಎರಡೇ ಮಾತಲ್ಲಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಅಂದರೆ ಮಾಲ್ಟ್, ಅದನ್ನ ತರಿತರಿಯಾಗಿ ಒಡೆದು ಬಿಸಿನೀರಲ್ಲಿ ನೆನೆಹಾಕ್ತೀವಿ, ಇದೇ ಮ್ಯಾಶ್. 65ರಿಂದ 68 ಡಿಗ್ರಿ ಸೆಲ್ಸಿಯಸ್, ಸುಮಾರು ಒಂದು ಗಂಟೆ. ಕಾಳಿನಲ್ಲೇ ಇರೋ ಎಂಜೈಮ್‌ಗಳು ಪಿಷ್ಟವನ್ನ ಸಕ್ಕರೆ ಮಾಡ್ತವೆ. ಅಷ್ಟು ಹೊತ್ತು ಬಿಸಿ ಇಳಿಯಬಾರದು, ಅದಕ್ಕೇ ಪಿಕ್‌ನಿಕ್‌ಗೆ ತಗೊಂಡು ಹೋಗೋ ಐಸ್ ಬಾಕ್ಸ್. ತಣ್ಣಗಿಡೋಕೆ ಮಾಡಿದ ಪೆಟ್ಟಿಗೆ ಬಿಸಿಯನ್ನೂ ಅಷ್ಟೇ ಚೆನ್ನಾಗಿ ಹಿಡಿದಿಡುತ್ತೆ, ಗಂಟೆಗೆ ಒಂದೆರಡು ಡಿಗ್ರಿ ಇಳಿದರೆ ಹೆಚ್ಚು. ಗಂಟೆ ಆದಮೇಲೆ ಸಿಹಿನೀರು, ಅಂದರೆ ವರ್ಟ್, ಕೆಳಗಿನ ನಲ್ಲಿಯಿಂದ ಇಳಿಸಬೇಕು. ಕಾಳು ಮೇಲೇ ಉಳಿಯಬೇಕು. ಇಲ್ಲಿ ಬರುತ್ತೆ ಮ್ಯಾನಿಫೋಲ್ಡ್.

ಎಲ್ಲರೂ ಅಂದುಕೊಳ್ಳೋದು ಇದೊಂದು ಸೋಸುಕ ಅಂತ. ಅಲ್ಲ. ಸೋಸೋದು ಬಾರ್ಲಿಯ ಹೊಟ್ಟು. ಮನೆಯ ಕಾಫಿ ಫಿಲ್ಟರ್ ನೆನಪಿಸಿಕೊಳ್ಳಿ: ತೂತು ಎಷ್ಟು ಸಣ್ಣದು ಅನ್ನೋದಕ್ಕಿಂತ ಪುಡಿ ಹೇಗೆ ಕೂತಿದೆ ಅನ್ನೋದರ ಮೇಲೆ ಡಿಕಾಕ್ಷನ್ ನಿಂತಿರುತ್ತೆ. ಇಲ್ಲೂ ಹಾಗೇ. ನಲ್ಲಿ ತೆಗೆದಾಗ ಮೊದಲ ಒಂದೆರಡು ಲೀಟರ್ ಕಲಗಚ್ಚಿನ ಥರ ಬರುತ್ತೆ. ಜಗ್‌ನಲ್ಲಿ ಹಿಡಿದು ನಿಧಾನಕ್ಕೆ ಮತ್ತೆ ಮೇಲಿಂದ ಸುರೀತೀವಿ. ಸ್ವಲ್ಪ ಹೊತ್ತಲ್ಲಿ ಹೊಟ್ಟೆಲ್ಲ ಒಂದರ ಮೇಲೊಂದು ಕೂತು ಹಾಸಾಗುತ್ತೆ, ಆಮೇಲೆ ತಿಳಿಯಾಗಿ ಇಳಿಯೋಕೆ ಶುರು. ಆ ಹಾಸನ್ನ ಕಲಕದೆ ಎಲ್ಲ ಕಡೆಯಿಂದಲೂ ಸಮನಾಗಿ ನೀರು ಬಸಿದುಕೊಳ್ಳೋದಷ್ಟೇ ತಾಮ್ರದ ಕೆಲಸ.

ಇದು ತಲೆಗೆ ಹತ್ತಿದರೆ ಸೀಳಿನ ಬಗ್ಗೆ ಇರೋ ಅರ್ಧ ಜಗಳ ಅಲ್ಲೇ ಮುಗೀತು. ಅರ್ಧ ಇಂಚಿನ ಪೈಪು ಅಂತ ಅಂಗಡಿಯಲ್ಲಿ ಕೊಡ್ತಾರಲ್ಲ, ಅದರ ಹೊರಗಿನ ಅಳತೆ 5/8 ಇಂಚು, ಹತ್ತಿರ ಹತ್ತಿರ 16 ಮಿಲಿಮೀಟರ್. ನಮ್ಮೂರಲ್ಲಿ ತಾಮ್ರದ ಪೈಪು ಅಂದರೆ ಏಸಿ ಹಿಂದೆ ಸುತ್ತಿಕೊಂಡಿರೋ ಮೆತ್ತನೆಯದು ಕಣ್ಣಿಗೆ ಬರುತ್ತೆ. ಇದು ಅದಲ್ಲ, ಮನೆಗೆ ನೀರು ತರೋ ಗಟ್ಟಿ ನೇರ ಪೈಪು. ಕೆಂಪು ಅಕ್ಷರದಲ್ಲಿ 'ಎಂ' ಅಂತ ಅಚ್ಚಾಗಿರೋ ತೆಳು ಗೋಡೆಯದೇ ಸಾಕು, ಕೊಯ್ಯೋಕೂ ಹಗುರ. ಇಂಚಿಗೆ 32 ಹಲ್ಲಿನ ಹ್ಯಾಕ್‌ಸಾ ಬ್ಲೇಡ್ ತಗೊಳ್ಳಿ. ಅದು ಕೊಯ್ಯೋ ಸೀಳು ಒಂದು ಮಿಲಿಮೀಟರಿಗಿಂತ ಚೂರು ಕಡಿಮೆ. ಪೈಪಿನ ಅರ್ಧದವರೆಗೆ ಕೊಯ್ದರೆ ಒಂದೊಂದು ಸೀಳಿನ ಬಾಯಿ ಸುಮಾರು 18 ಚದರ ಮಿಲಿಮೀಟರ್. ಪೈಪಿನ ಒಳಬಾಯಿ 164. ಅಂದರೆ ಒಂಬತ್ತು ಹತ್ತು ಸೀಳು ಸೇರಿದರೆ ಪೈಪಿಗೆ ಸಮ ಆಯ್ತು! ನಾವು ಹಾಕೋದು 150. ಇನ್ನೂ ಹತ್ತಿರ ಹತ್ತಿರ ಕೊಯ್ದರೆ ಬೇಗ ಇಳಿಯುತ್ತಾ ಅಂತ ಕೇಳ್ತಾರೆ. ಇಳಿಯಲ್ಲ. ಇಷ್ಟೊಂದು ಸೀಳು ಬೇಕಿರೋದು ವೇಗಕ್ಕಲ್ಲ, ತಳದಲ್ಲೆಲ್ಲ ಹರಡಿಕೊಂಡಿರಲಿ ಅಂತ. ಅರ್ಧ ಇಂಚಿಗೊಂದು ಧಾರಾಳ ಸಾಕು. ಅರ್ಧಕ್ಕಿಂತ ಆಳಕ್ಕೆ ಮಾತ್ರ ಹೋಗಬೇಡಿ, ಪೈಪು ಬಾಗುತ್ತೆ.

ಕೊಯ್ಯೋಕಿಂತ ಬೇಜಾರಿನ ಕೆಲಸ ಕೊಯ್ದಮೇಲೆ ಇದೆ. ಪೈಪಿನೊಳಗೆ ಬೆರಳು ಹಾಕಬೇಡಿ. ಹಾಕಿದವರಿಗೆ ಯಾಕೆ ಅಂತ ಗೊತ್ತಾಗುತ್ತೆ. ಪ್ರತಿ ಸೀಳಿನ ಒಳ ಅಂಚಲ್ಲೂ ತಾಮ್ರದ ಸಣ್ಣ ಜುಂಗು, ರೇಜರ್ ಥರ, ಒಳಮುಖವಾಗಿ ಎದ್ದು ನಿಂತಿರುತ್ತೆ. ಸೀಳಿನೊಳಗೆ ನುಸುಳಿದ ಹೊಟ್ಟು ಹೋಗಿ ಸಿಕ್ಕಿಹಾಕಿಕೊಳ್ಳೋದು ಅದಕ್ಕೇ. ಉದ್ದನೆಯ ಗುಂಡು ಅರ ಒಂದನ್ನ ಒಳಗೆ ಆಡಿಸಿ, ಆಮೇಲೆ ಪೈಪನ್ನ ನೆಟ್ಟಗೆ ಹಿಡಿದು ಮರದ ಮೇಲೆ ತಟ್ಟಿ. ಕೆಂಪು ಮಿಂಚಿನ ಪುಡಿ ಉದುರೋದು ನಿಲ್ಲೋವರೆಗೂ ತಟ್ಟಿ. ಡ್ರೆಮೆಲ್ ಅನ್ನೋ ಸಣ್ಣ ಕರೆಂಟ್ ಟೂಲಿನ ಚಕ್ರದಲ್ಲಿ ಕೊಯ್ದರೆ ಕೈ ನೋಯಲ್ಲ, ಜುಂಗೇನೂ ಕಡಿಮೆ ಆಗಲ್ಲ.

ಸೀಳು ಕೆಳಮುಖ. ಇದರಲ್ಲಿ ಚರ್ಚೆಯೇ ಇಲ್ಲ. ಮೇಲ್ಮುಖ ಇಟ್ಟರೆ ಕಾಳಿನ ಪೂರ್ತಿ ಭಾರ ನೇರ ಸೀಳಿನ ಮೇಲೆ ಕೂರುತ್ತೆ, ಜೊತೆಗೆ ಪೈಪಿಗಿಂತ ಕೆಳಗಿರೋ ನೀರು ಅಲ್ಲೇ ನಿಲ್ಲುತ್ತೆ. ಒಂದಡಿ ಅಗಲ, ಎರಡಡಿ ಉದ್ದದ ತಳದಲ್ಲಿ ಒಂದೇ ಒಂದು ಇಂಚು ನೀರು ನಿಂತರೆ ಲೆಕ್ಕ ಹಾಕಿ: 4.7 ಲೀಟರ್. ಕಾಳಿನ ಜಾಗ ಕಳೆದರೂ ಎರಡು ಮೂರು ಲೀಟರ್ ಸಿಹಿ ವರ್ಟ್ ಕಸದ ಪಾಲು. 19 ಲೀಟರ್ ಬಿಯರ್ ಮಾಡೋ ಕಡೆ ಅದು ಸಣ್ಣ ನಷ್ಟ ಅಲ್ಲ.

ಈಗ ಬೆಸುಗೆ. ತಾಮ್ರದ ಎಲ್ಬೋ, ಟೀ, ಕ್ಯಾಪುಗಳು ಪೈಪಿಗೆ ಕೂತಾಗ ನಡುವೆ ಉಳಿಯೋ ಸಂದಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಸೀಸ ಕರಗಿ ಒಳಗೆ ಏರಲಿ ಅಂತ ಬೇಕಂತಲೇ ಇಟ್ಟಿರೋ ಸಂದಿ ಅದು. ಅಯ್ಯೋ, ಸೀಸ ಅಂದೆ, ಹಳೇ ರೂಢಿ. ಇಲ್ಲಿ ಕುಡಿಯೋ ನೀರಿನ ಪೈಪಿಗೆ ಸೀಸದ ಬೆಸುಗೆ 1986ರಲ್ಲೇ ನಿಷೇಧ ಆಗಿದೆ. ನಿಮ್ಮ ಸೀಳೇ ಆ ಸಂದಿಗಿಂತ ಎಂಟು ಒಂಬತ್ತು ಪಟ್ಟು ಅಗಲ. ಸೀಳಲ್ಲಿ ನಿಲ್ಲೋ ಹೊಟ್ಟು ಸಂದಿಯಲ್ಲಿ ಹೇಗೆ ನುಗ್ಗುತ್ತೆ? ಕೈಯಲ್ಲಿ ಒತ್ತಿ ಕೂರಿಸಿ, ಸಡಿಲ ಅನ್ನಿಸಿದರೆ ಇಕ್ಕಳದಲ್ಲಿ ಒಂದು ಚೂರು ಅಮುಕಿ, ಸಾಕು. ಬೆಸುಗೆ ಹಾಕಿದರೆ ಅದಕ್ಕೆ ಮುಂಚೆ ಹಚ್ಚೋ ಫ್ಲಕ್ಸ್ ಅಂಟು ಒಳಗೇ ಉಳಿಯುತ್ತೆ, ಅದೂ ಅಲ್ಲದೆ ಆ ಪೈಪುಗಳನ್ನ ಜನ್ಮದಲ್ಲಿ ಬಿಚ್ಚಿ ತೊಳೆಯೋಕಾಗಲ್ಲ. ಎರಡು ದಿನ ಒಳಗೆ ಉಳಿದ ಹಸಿ ಮಾಲ್ಟ್ ಯಾವ ವಾಸನೆ ಬರುತ್ತೆ ಅಂತ ಗೊತ್ತಿರೋರು ಬೆಸುಗೆ ಪರ ಮಾತಾಡಲ್ಲ.

ಒಂದೇ ಒಂದು ಜಾಯಿಂಟಿಗೆ ಈ ಮಾತು ಅನ್ವಯಿಸಲ್ಲ. ಮ್ಯಾನಿಫೋಲ್ಡಿನಿಂದ ಗೋಡೆಯ ತೂತಿಗೆ ಏರೋ ತುಂಡು. ಕೂಲರ್‌ಗಳ ನಲ್ಲಿ ತಳಕ್ಕಿಂತ ಸ್ವಲ್ಪ ಮೇಲಿರುತ್ತೆ, ಹಾಗಾಗಿ ಕೊನೆಯ ನೀರು ಸೈಫನ್ ಆಗಿ, ಅಂದರೆ ಹೊರಗೆ ಇಳಿಯೋ ನೀರಿನ ಎಳೆತಕ್ಕೆ, ಮೇಲೇರಿ ಬರಬೇಕು. ಆ ಜಾಗದಲ್ಲಿ ಗಾಳಿ ಎಳೆದುಕೊಂಡರೆ ಸೈಫನ್ ಸತ್ತುಹೋಗುತ್ತೆ. ಅಲ್ಲಿ ನಟ್ಟು ಬಿಗಿದು ಕೂರಿಸೋ ಕಂಪ್ರೆಷನ್ ಫಿಟಿಂಗ್ ಹಾಕಿ, ಇಲ್ಲಾ ಬಿಸಿ ತಡೆಯೋ ಸಿಲಿಕೋನ್ ಟ್ಯೂಬಿಗೆ ಕ್ಲಾಂಪ್ ಬಿಗೀರಿ.

ಇನ್ನು ಆಕಾರ. ಚೌಕಾನಾ, ಏಣಿಯಾ, ಬಾಚಣಿಗೆಯಾ ಅಂತ ಕಿತ್ತಾಡೋರು ಮೊದಲು ಹೇಳಬೇಕಾದ್ದು ನೀವು ಕಾಳನ್ನ ಹೇಗೆ ತೊಳೀತೀರಿ ಅಂತ. ಬ್ಯಾಚ್ ಸ್ಪಾರ್ಜ್, ಅಂದರೆ ಪೂರ್ತಿ ಬಸಿದು, ಮತ್ತೆ ಬಿಸಿನೀರು ಸುರಿದು, ಚೆನ್ನಾಗಿ ಕಲಕಿ, ಮತ್ತೆ ಬಸಿಯೋದು. ಕಲಕಿದಮೇಲೆ ಎಲ್ಲ ಕಡೆಯೂ ಸಿಹಿ ಒಂದೇ. ಯಾವ ಮೂಲೆಯಿಂದ ನೀರು ಬಂದರೇನು? ಆರೆಗಾನ್ ರಾಜ್ಯದಲ್ಲಿ ಮನೆಯಲ್ಲೇ ಬಿಯರ್ ಮಾಡೋ ಡೆನ್ನಿ ಕಾನ್ ಇದನ್ನೇ ವರ್ಷಗಟ್ಟಲೆ ಹೇಳ್ಕೊಂಡು ಬಂದರು. ಅವರ ಕೂಲರ್‌ನಲ್ಲಿ ಇರೋದು ನೀರಿನ ಕನೆಕ್ಷನ್ ಹೋಸ್‌ನಿಂದ ಸುಲಿದ ಸ್ಟೀಲ್ ಜಾಲರಿ, ಒಂದೇ ಒಂದು ತುಂಡು. ಆಸ್ಟ್ರೇಲಿಯಾದವರಂತೂ ಕಾಳನ್ನ ಬಟ್ಟೆ ಚೀಲದಲ್ಲೇ ನೆನೆಹಾಕಿ ಎತ್ತಿಬಿಡ್ತಾರೆ, ತಳಕ್ಕೆ ಏನೂ ಬೇಡ. ನೀವು ಇವರ ದಾರಿಯವರಾದರೆ ತಾಮ್ರಕ್ಕೆ ದುಡ್ಡು ಸುರೀಬೇಡಿ ಅಂತಲೇ ನಾನು ಹೇಳೋದು. ಈಗಿನ ತಾಮ್ರದ ರೇಟು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಫ್ಲೈ ಸ್ಪಾರ್ಜ್ ಮಾಡೋನು: ಮೇಲಿಂದ ನಿಧಾನಕ್ಕೆ ಬಿಸಿನೀರು, ಕೆಳಗಿಂದ ಅಷ್ಟೇ ನಿಧಾನಕ್ಕೆ ವರ್ಟ್, ಹತ್ತಿರ ಒಂದು ಗಂಟೆ. ಇಲ್ಲಿ ಕಲಕೋದಿಲ್ಲ, ಹಾಗಾಗಿ ನೀರು ಯಾವ ದಾರಿ ಹಿಡಿಯುತ್ತೆ ಅನ್ನೋದೇ ಸರ್ವಸ್ವ. ಸುಲಭದ ದಾರಿ ಸಿಕ್ಕಿತು ಅಂದರೆ ಎಲ್ಲ ಅಲ್ಲೇ ಜಾರುತ್ತೆ, ಪಕ್ಕದ ಕಾಳಿನ ಸಿಹಿ ಹಾಗೇ ಉಳಿಯುತ್ತೆ. ಕೂಲರಿನ ನುಣ್ಣನೆಯ ಗೋಡೆಗಿಂತ ಸುಲಭದ ದಾರಿ ಇನ್ನೊಂದಿಲ್ಲ. ಅದಕ್ಕೇ ಈ ಲೆಕ್ಕ: ಪೈಪಿಂದ ಪೈಪಿಗೆ ಎಷ್ಟು ದೂರವೋ, ಗೋಡೆಯಿಂದ ಪೈಪಿಗೆ ಅದರ ಅರ್ಧ. ಒಂದಡಿ ಅಗಲದ ತಳಕ್ಕೆ ನಾಲ್ಕು ಪೈಪು. ಗೋಡೆಯಿಂದ ಒಂದೂವರೆ ಇಂಚು ಬಿಟ್ಟು ಮೊದಲನೆಯದು, ಆಮೇಲೆ ಮೂರು ಮೂರು ಇಂಚಿಗೊಂದು. ಅವನ್ನ ಜೋಡಿಸೋ ಅಡ್ಡ ಪೈಪು ಗೋಡೆ ಪಕ್ಕದಲ್ಲೇ ಮಲಗಿರುತ್ತೆ, ಅದಕ್ಕೆ ಸೀಳು ಹಾಕಲೇಬೇಡಿ. ದುಂಡನೆ ಕೂಲರ್ ಇರೋರು ತೂತಿನ ಸ್ಟೀಲ್ ತಟ್ಟೆ ತಗೊಂಡು ಆರಾಮಾಗಿರಿ, ನನಗೇನೂ ತಕರಾರಿಲ್ಲ. ಚೌಕದ ಡಬ್ಬಕ್ಕೆ ಸರಿಹೊಂದೋ ತಟ್ಟೆ ಸಿಗೋದು ಕಷ್ಟ, ಅಲ್ಲೇ ಈ ಪೈಪು ಗೆಲ್ಲೋದು.

ತಾಮ್ರದಲ್ಲಿ ಹುಳಿ ಪದಾರ್ಥ ಇಡಬಾರದು ಅಂತ ನಮ್ಮ ಅಜ್ಜಿಯರು ಹೇಳ್ತಿದ್ದರಲ್ಲ, ಇದು ಹೇಗೆ ಸರಿ? ಒಳ್ಳೇ ಪ್ರಶ್ನೆ. ಕಲಾಯಿ ಇಲ್ಲದ ಪಾತ್ರೆಗೆ ಹುಣಸೆ, ಮಜ್ಜಿಗೆ ಬಿದ್ದರೆ ತಾಮ್ರ ಬಿಡುತ್ತೆ, ನಿಜ. ಮ್ಯಾಶ್‌ನ ಪಿಎಚ್ 5.2ರಿಂದ 5.6, ಮಜ್ಜಿಗೆಯಷ್ಟೂ ಹುಳಿ ಇಲ್ಲ, ಇರೋದೂ ಒಂದೆರಡು ಗಂಟೆ. ಮುಂದೆ ವರ್ಟನ್ನ ಹುದುಗಿಸೋ ಯೀಸ್ಟ್‌ಗೂ ಚಿಟಿಕೆ ತಾಮ್ರ ಬೇಕೇ ಬೇಕು. ಆದರೆ ಹುದುಗಿ ಮುಗಿದ ಬಿಯರ್ ಜಾಸ್ತಿ ಹುಳಿ, ಅದಕ್ಕೆ ತಾಮ್ರ ಸೋಕಿಸಬೇಡಿ. ಇನ್ನೊಂದು: ನಮ್ಮೋರಿಗೆ ತಾಮ್ರ ಕಂಡರೆ ಹುಣಸೆಹಣ್ಣು ಹಿಡಿದು ದೇವರ ದೀಪದ ಥರ ಬೆಳಗೋ ಆಸೆ. ಬೇಡ. ಮಂಕು ಕಂದು ಬಣ್ಣ ಅದರ ರಕ್ಷೆ. ಹಸಿರು ಕಿಲುಬು ಕಂಡರೆ ಮಾತ್ರ ವಿನೆಗರ್‌ನಲ್ಲಿ ತೊಳೆದು, ನೀರಲ್ಲಿ ಜಾಲಿಸಿ, ಒರೆಸಿ ಒಣಗಿಸಿ.

ಇಷ್ಟೆಲ್ಲ ಸರಿಯಾಗಿ ಮಾಡಿ ಕೊನೆಗೆ ಎಡವೋದು ನಲ್ಲಿ ಹತ್ತಿರ. 1856ರಲ್ಲಿ ಹೆನ್ರಿ ಡಾರ್ಸಿ ಅನ್ನೋ ಎಂಜಿನಿಯರ್ ಫ್ರಾನ್ಸಿನ ಡಿಜಾನ್ ಊರಿನ ನೀರಿನ ವ್ಯವಸ್ಥೆ ಬಗ್ಗೆ ಬರೆದ ಪುಸ್ತಕದಲ್ಲಿ ತೋರಿಸಿಕೊಟ್ಟ ಲೆಕ್ಕ ಇದೆ: ಮರಳಿನ ಹಾಸಿನಲ್ಲಿ ಒತ್ತಡ ಎಷ್ಟು ಹೆಚ್ಚೋ ಹರಿವು ಅಷ್ಟು ಹೆಚ್ಚು. ಮರಳಿಗೆ ಸರಿ. ನೆಂದ ಕಾಳು ಮರಳಲ್ಲ, ಅಮುಕಿದರೆ ಅಮುಕಿಕೊಳ್ಳುತ್ತೆ. ನಲ್ಲಿ ಪೂರ್ತಿ ತಿರುಗಿಸಿದರೆ ಕೆಳಗಿನ ಸೆಳೆತಕ್ಕೆ ಹಾಸು ಗಟ್ಟಿಯಾಗಿ, ಸಣಸಣ್ಣ ದಾರಿಗಳೆಲ್ಲ ಮುಚ್ಚಿ, ಧಾರೆ ದಾರವಾಗಿ, ದಾರ ಹನಿಯಾಗಿ, ನಿಂತೇ ಹೋಗುತ್ತೆ. ಆಗ ಎಲ್ಲರೂ ಬಯ್ಯೋದು ಪಾಪ ಮ್ಯಾನಿಫೋಲ್ಡನ್ನ! ನಿಂತರೆ ನಲ್ಲಿ ಮುಚ್ಚಿ, ಕಾಳನ್ನ ಕಲಕಿ, ಹತ್ತು ನಿಮಿಷ ಬಿಟ್ಟು, ಮೊದಲಿನ ಕಲಗಚ್ಚನ್ನ ಮತ್ತೆ ಮೇಲೆ ಸುರಿದು, ಈ ಸಲ ನಲ್ಲಿಯನ್ನ ಕಾಲುಭಾಗ ಮಾತ್ರ ತೆಗೀರಿ.

ಗೋಧಿ ಬಿಯರ್ ಮಾಡೋರಿಗೆ ಇದೂ ಸಾಲದು. ಗೋಧಿಗೆ ಹೊಟ್ಟೇ ಇಲ್ಲ, ಓಟ್ಸ್ ಅವಲಕ್ಕಿ ಹಾಕಿದರೆ ಇನ್ನೂ ಗಂಜಿ. ಅದಕ್ಕೆ ಭತ್ತದ ಹೊಟ್ಟು ಬೆರೆಸ್ತೀವಿ, ಕಾಳಿನ ತೂಕದ ಶೇಕಡಾ 5ರಷ್ಟು. ಹೌದು, ಅದೇ, ಮಂಡ್ಯ, ಗಂಗಾವತಿ ಕಡೆ ರೈಸ್ ಮಿಲ್ ಹಿಂದೆ ಗುಡ್ಡೆ ಬಿದ್ದಿರುತ್ತಲ್ಲ, ಅದನ್ನೇ ಇಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ದುಡ್ಡು ಕೊಟ್ಟು ತರ್ತೀವಿ. ಹಾಕೋಕೆ ಮುಂಚೆ ಒಂದು ಸಲ ಬಿಸಿನೀರಲ್ಲಿ ನೆನೆಸಿ ತೊಳೀರಿ, ಧೂಳು ಹೋಗುತ್ತೆ. ಒಣಗಿದ್ದನ್ನೇ ಹಾಕಿದರೆ ನಿಮ್ಮ ವರ್ಟನ್ನ ಅದೂ ಒಂದಿಷ್ಟು ಹೀರಿಕೊಳ್ಳುತ್ತೆ.