ತೋಡಿಗೆ ಇಳಿಯುವ ಮೊದಲು

ಬದಿಯಡ್ಕದ ಈ ಜಗಲಿಯಲ್ಲಿ ಹರಡಿರುವುದೆಲ್ಲ ನಾಡಿದ್ದಿನ ಕ್ಯಾನ್ಯನಿಂಗಿಗೆ. ಘಟ್ಟದ ಮಳೆಕಾಡಿನ ತೋಡನ್ನೇ ದಾರಿ ಮಾಡಿಕೊಂಡು ನಡೆಯುವುದು, ಗುಂಡಿ ಬಂದಲ್ಲಿ ಈಜುವುದು, ಜಲಪಾತ ಬಂದಲ್ಲಿ ಹಗ್ಗದಲ್ಲಿ ಇಳಿಯುವುದು. ಕೊನೆಗೆ ಕಣಿವೆ ದಾಟಲು ಕೇಬಲ್ಲಿನ ಮೇಲೆ ಉರುಳುವ ರಾಟೆಗೆ ನೇತಾಡಿ ಜಾರುವ ಜಿಪ್‌ಲೈನ್. ಹಗ್ಗ, ಹೆಲ್ಮೆಟ್, ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಪಟ್ಟಿಗಳ ಹಾರ್ನೆಸ್ ಎಲ್ಲ ಗೈಡ್‌ಗಳೇ ತರುತ್ತಾರೆ. ಕಾಲಿಗೆ ಏನು, ಮೈಗೆ ಏನು, ಗೈಡ್ ಹತ್ತಿರ ಕೇಳುವುದು ಏನು, ಇಷ್ಟು ನಮ್ಮ ಕೆಲಸ.

ಮೊದಲು ಶೂ. ಮಳೆಗಾಲದಲ್ಲಿ ಅಡಿಕೆ ಮರದ ಸಂಕ ದಾಟಿದವರಿಗೆ ಪಾಚಿಯ ಬಗ್ಗೆ ಹೇಳಬೇಕಾಗಿಲ್ಲ. ಅಡಿಭಾಗದ ರಬ್ಬರಿಗೆ ಹೆಬ್ಬೆರಳಿನ ಉಗುರು ಹೀಗೆ ಒತ್ತಿ ನೋಡಿ. ಸ್ವಲ್ಪ ಒಳಗೆ ಹೋದರೆ ಒದ್ದೆ ಬಂಡೆಯ ಮೇಲೆ ಹಿಡಿತ ಸಿಗುತ್ತದೆ. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿಯಿದ್ದರೆ ಜಾರುತ್ತದೆ. ಅಟ್ಟದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಶೂ ಆದರೆ ಬಗ್ಗಿಸಿಯೂ ನೋಡಿ, ಅಂಟು ಒಣಗಿದ್ದು ನೀರಿಗಿಳಿದ ಮೇಲೆ ಬಿಟ್ಟುಕೊಳ್ಳುತ್ತದೆ. ತೋಟದ ಗಂಬೂಟು ಬೇಡವೇ ಬೇಡ. ಒಳಗೆ ಹೋದ ನೀರಿಗೆ ಹೊರಬರಲು ದಾರಿಯಿಲ್ಲ, ಬಂಡೆ ಹತ್ತುವಾಗ ಕಾಲೇ ಏಳುವುದಿಲ್ಲ.

ಬಟ್ಟೆ ಪಾಲಿಯೆಸ್ಟರಿನದ್ದಿರಲಿ. ಹತ್ತಿಯದ್ದು, ಜೀನ್ಸ್ ಎರಡೂ ನೀರು ಕುಡಿದು ಭಾರವಾಗುತ್ತವೆ, ಬೇಗ ಆರುವುದೂ ಇಲ್ಲ. ಸೆಕೆಯ ಕಾಡಾದರೂ ಒದ್ದೆ ಮೈಯಲ್ಲಿ ಜಲಪಾತದ ಗಾಳಿಗೆ ಸರದಿ ಕಾಯುತ್ತ ನಿಂತರೆ ಚಳಿ ಹಿಡಿಯುತ್ತದೆ, ಬೆರಳು ಮರಗಟ್ಟಿದರೆ ಹಗ್ಗ ಹಿಡಿಯಲು ಬರುವುದಿಲ್ಲ. ಗೈಡ್ ಮೈ ಬೆಚ್ಚಗಿಡುವ ವೆಟ್‌ಸೂಟ್ ಕೊಟ್ಟರೆ ಬೇಡ ಅನ್ನಬೇಡಿ.

ಈಗ ಹಾರ್ನೆಸ್, ಹತ್ತಿರದಿಂದ ನೋಡಿ. ಸೊಂಟದ ಪಟ್ಟಿ ಸೊಂಟದ ಎಲುಬಿಗಿಂತ ಮೇಲೆ ಕೂರಬೇಕು. ಕೆಳಗಿದ್ದರೆ ತಲೆಕೆಳಗಾದಾಗ ಮೈ ಜಾರಿ ಹೊರಬರಬಹುದು. ತೊಡೆಯ ಪಟ್ಟಿಯೊಳಗೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಬಕಲ್ ದಾಟಿದ ಮೇಲೆ ಪಟ್ಟಿ ಕನಿಷ್ಠ 8 ಸೆಂಟಿಮೀಟರ್ ಉಳಿದಿರಲಿ. ಅಂಗಿ ಒಳಗೆ ಸೇರಿಸಿ, ಜಡೆಯನ್ನು ಅಂಗಿಯೊಳಗೆ ಹಾಕಿಕೊಳ್ಳಿ, ದುಪಟ್ಟಾ ಮನೆಯಲ್ಲೇ ಇರಲಿ. ಹಗ್ಗ ಹಾಯಿಸಿ ಹಾರ್ನೆಸ್ಸಿಗೆ ಸಿಕ್ಕಿಸುವ, ಇಳಿಯುವ ಸಾಧನದೊಳಕ್ಕೆ ಕೂದಲೋ ಬಟ್ಟೆಯೋ ಎಳೆದುಕೊಂಡರೆ ಅರ್ಧದಲ್ಲೇ, ಸುರಿಯುವ ನೀರಿನ ಕೆಳಗೇ ನೇತಾಡಬೇಕಾಗುತ್ತದೆ. ಅದಕ್ಕೇ ಗೈಡ್‌ಗೆ ಈ ಪ್ರಶ್ನೆ ಕೇಳಲೇಬೇಕು: ಸಿಕ್ಕಿಕೊಂಡರೆ ಮೇಲಿನಿಂದಲೇ ಹಗ್ಗ ಸಡಿಲಿಸಿ ಇಳಿಸುವ ಹಾಗೆ ಕಟ್ಟಿದ್ದೀರಾ? ಹೌದು ಅನ್ನುವವರ ಜೊತೆ ಮಾತ್ರ ಇಳಿಯಿರಿ.

ಇಳಿಯುವಾಗ ಎಲ್ಲರೂ ಮಾಡುವ ತಪ್ಪು ಒಂದೇ. ಹೆದರಿಕೆಗೆ ಬಂಡೆಯನ್ನು ಅಪ್ಪಿಕೊಳ್ಳುತ್ತೇವೆ. ಆಗ ಮೈಭಾರ ಬಂಡೆಯ ಉದ್ದಕ್ಕೆ ಕೆಳಮುಖವಾಗಿ ಬಿದ್ದು ಪಾದ ಜಾರುತ್ತದೆ, ಮೊಣಕಾಲು, ಮುಖ ಬಡಿಯುತ್ತವೆ. ಕುರ್ಚಿಯಲ್ಲಿ ಕೂತ ಹಾಗೆ ಹಿಂದಕ್ಕೆ ವಾಲಿದರೆ ಪಾದ ಬಂಡೆಗೆ ಒತ್ತಿ ನಿಲ್ಲುತ್ತದೆ. ಪಾದಗಳ ನಡುವೆ ಭುಜದಷ್ಟು ಅಂತರ, ಹಗ್ಗ ತಡೆಯುವ ಕೈ ಸೊಂಟದ ಪಕ್ಕ. ಆ ಕೈ ಬಿಡುವ ಹಾಗಿಲ್ಲ.

ಜಿಪ್‌ಲೈನಿಗೆ ಮೊದಲೇ ನಿಮ್ಮ ಸರಿಯಾದ ತೂಕ ಹೇಳಿ, ನಾಚಿಕೆ ಬೇಡ. ಹಗುರದವರು ಎದುರುಗಾಳಿಗೆ ನಡುವೆಯೇ ನಿಂತುಬಿಡುತ್ತಾರೆ, ಭಾರದವರು ವೇಗವಾಗಿ ಬಂದು ತಲುಪುತ್ತಾರೆ. ಕೈಯಿಂದ ಬ್ರೇಕ್ ಹಾಕುವ ಲೈನ್ ಆದರೆ ದಪ್ಪ ಚರ್ಮದ ಗ್ಲೌಸ್ ಬೇಕು. ಕೈ ಯಾವಾಗಲೂ ರಾಟೆಯ ಹಿಂದೆ. ಮುಂದೆ ಇಟ್ಟರೆ ಬೆರಳ ಮೇಲೇ ರಾಟೆ ಹಾಯುತ್ತದೆ. ಬೇಗ ಬ್ರೇಕ್ ಹಾಕಿ ನಡುವೆ ನಿಂತರೆ ಗೈಡ್ ಹೇಳಿದ ಹಾಗೆ ಬೆನ್ನು ಗುರಿಯ ಕಡೆ ಮಾಡಿ ಕೇಬಲ್ ಎಳೆದುಕೊಂಡು ಹೋಗಬೇಕು.

ಹವಾಮಾನ ನೋಡುವಾಗ ಹೋಗುವ ಜಾಗದ್ದು ಮಾತ್ರ ನೋಡಿದರೆ ಸಾಲದು. ನಮ್ಮಲ್ಲಿ ಬಿಸಿಲಿದ್ದಾಗಲೂ ಕೊಡಗಿನ ಕಡೆ ಸುರಿದ ಮಳೆಗೆ ಪಯಸ್ವಿನಿ ಹೊಳೆ ಕೆಂಪಾಗಿ ಬರುವುದಿಲ್ಲವೇ? ಕಾಡಿನ ತೋಡೂ ಹಾಗೆಯೇ, ಆದರೆ ಕಿರಿದಾದ ಕಣಿವೆಯಲ್ಲಿ ಅದು ಇನ್ನೂ ಬೇಗ ಏರುತ್ತದೆ. ತಿಳಿನೀರು ಕಲಕಿತು, ಎಲೆ ಕಡ್ಡಿ ತೇಲಿ ಬಂತು, ಸದ್ದು ದಪ್ಪಗಾಯಿತು ಅಂದರೆ ಸಾಮಾನು ಬಿಟ್ಟಾದರೂ ಗೈಡ್ ತೋರಿಸಿದ ಎತ್ತರಕ್ಕೆ ಹತ್ತಿ. ಕಳೆದ ವಾರ ಆಳವಿದ್ದ ಗುಂಡಿಗೆ ನೆರೆ ಬಂಡೆ ಉರುಳಿಸಿರಬಹುದು. ಗೈಡ್ ಇಳಿದು ನೋಡದೆ ಯಾರೂ ಹಾರಬಾರದು.

ಇಂಬಳ ಕಚ್ಚಿದರೆ ಗಾಬರಿ ಬೇಡ, ಬಾಯಿಯ ಹತ್ತಿರ ಉಗುರಿನಿಂದ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಹೆಚ್ಚಿನ ಎಚ್ಚರ ಇಲಿಜ್ವರದ ಬಗ್ಗೆ. ಕಾಲಲ್ಲಿ ಗಾಯವಿದ್ದರೆ ನೀರು ಹೋಗದ ಪಟ್ಟಿ ಅಂಟಿಸಿ, ದೊಡ್ಡದಿದ್ದರೆ ಈ ಸಲ ಹೋಗುವುದು ಬೇಡ. ಬಂದು ಒಂದು ತಿಂಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ, ಅವರು ಕೇಳದಿದ್ದರೂ ತೋಡಿನ ನೀರಿಗೆ ಇಳಿದದ್ದನ್ನು ಹೇಳಿ.