ಪ್ವಾರೊ ಮೀಸೆಯ ಹಿಂದಿನ ರಂಗನಟ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಲಂಡನ್ನಿನ ಚಾರ್ಟರ್‌ಹೌಸ್ ಚೌಕ. ಬಾರ್ಬಿಕನ್ ಸ್ಟೇಷನ್ನಿನಿಂದ ಆರಾಮಾಗಿ ನಡೆದುಕೊಂಡು ಬರಬಹುದು. ಎದುರಿಗೆ ಅಲೆಯ ಹಾಗೆ ಬಳುಕಿದ ಕಟ್ಟಡ ಇದೆಯಲ್ಲ, ಅದು ಫ್ಲೋರಿನ್ ಕೋರ್ಟ್. 1936ರಲ್ಲಿ ಕಟ್ಟಿದ್ದು. ಟಿವಿಯಲ್ಲಿ ಅಗಾಥಾ ಕ್ರಿಸ್ಟಿ ಕಥೆಗಳ ಬೆಲ್ಜಿಯನ್ ಪತ್ತೇದಾರ ಹರ್ಕ್ಯೂಲ್ ಪ್ವಾರೊನ ಮನೆ ಅಂತ ತೋರಿಸಿದ್ದು ಇದನ್ನೇ. ಒಳಗೆ ಜನ ವಾಸವಿದ್ದಾರೆ, ಹೊರಗಿನಿಂದಲೇ ನೋಡೋಣ.

1989ರಿಂದ 2013ರ ತನಕ ಬ್ರಿಟನ್ನಿನ ಐಟಿವಿ ಚಾನೆಲ್ಲಿನಲ್ಲಿ 70 ಕಂತು. ಅಷ್ಟರಲ್ಲೂ ಪ್ವಾರೊ ಆಗಿದ್ದವರು ಡೇವಿಡ್ ಸುಶೇ. ತುಂಬಾ ಜನಕ್ಕೆ ಅವರು ಗೊತ್ತಿರುವುದು ಆ ಮೀಸೆಯಿಂದ. ಆದರೆ ಸುಶೇ ನಾಟಕದವರು. ಆ ತರಬೇತಿ ಇಲ್ಲದಿದ್ದರೆ ಈ ಪ್ವಾರೊ ಹೀಗೆ ಇರುತ್ತಲೇ ಇರಲಿಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹುಟ್ಟಿದ್ದು 1946ರಲ್ಲಿ, ಇದೇ ಲಂಡನ್ನಿನಲ್ಲಿ. ಅಪ್ಪ ಡಾಕ್ಟರು. ಲ್ಯಾಮ್ಡಾ ನಾಟಕ ಶಾಲೆಯಲ್ಲಿ ಕಲಿತರು. 1973ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸೇರಿದರು. 1985ರಲ್ಲಿ ಅಲ್ಲಿ ಶೇಕ್ಸ್‌ಪಿಯರ್‌ನ 'ಒಥೆಲೊ' ನಾಟಕದ ಖಳ ಇಯಾಗೊ ಪಾತ್ರ ಮಾಡಿದಾಗ ಒಥೆಲೊ ಆಗಿದ್ದವರು ಬೆನ್ ಕಿಂಗ್ಸ್‌ಲಿ. ಹೌದು, ತೆರೆಯ ಮೇಲೆ ಗಾಂಧೀಜಿ ಆಗಿದ್ದರಲ್ಲ, ಅವರೇ.

ನನಗೆ ಇನ್ನೂ ಇಷ್ಟವಾದದ್ದು ಶೈಲಾಕ್ ಕಥೆ. ಶೈಲಾಕ್ ಅಂದರೆ ಶೇಕ್ಸ್‌ಪಿಯರ್‌ನ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಯಹೂದಿ ಲೇವಾದೇವಿಗಾರ. ನಿರ್ದೇಶಕ ಜಾನ್ ಬಾರ್ಟನ್ ಅದೇ ನಾಟಕವನ್ನು ಒಮ್ಮೆ ಪ್ಯಾಟ್ರಿಕ್ ಸ್ಟೂವರ್ಟ್ ಜೊತೆ, ಇನ್ನೊಮ್ಮೆ ಸುಶೇ ಜೊತೆ ಮಾಡಿಸಿದ್ದರು. ಆಮೇಲೆ 1980ರ ದಶಕದಲ್ಲಿ ಇಬ್ಬರನ್ನೂ ಒಂದು ಟಿವಿ ಕಾರ್ಯಕ್ರಮದಲ್ಲಿ ಕೂರಿಸಿ ಮಾತಾಡಿಸಿದರು. ಸ್ಟೂವರ್ಟ್ ಹಿಡಿದದ್ದು ಶೈಲಾಕನ ಹಣದ ಆಸೆಯನ್ನು. ಸುಶೇ ಸ್ವತಃ ಯಹೂದಿ ಮೂಲದವರು. ಊರಿನವರು ಯಾವತ್ತೂ ಒಳಗೆ ಸೇರಿಸಿಕೊಳ್ಳದ ಯಹೂದಿ ಅವರಿಗೆ ಮುಖ್ಯ. ಅದೇ ಮಾತು, ಅದೇ ದೃಶ್ಯ, ಆದರೆ ಬೇರೆಯೇ ಇಬ್ಬರು ಮನುಷ್ಯರು. ನಟನೆ ಕಲಿಯುವವರು ಅದನ್ನು ಹುಡುಕಿ ನೋಡಲೇಬೇಕು.

ಈಗ ಪ್ವಾರೊಗೆ ಬರೋಣ. ಪೀಟರ್ ಉಸ್ತಿನೋವ್ ಪ್ವಾರೊ ಆಗಿದ್ದ ಒಂದು ಟಿವಿ ಸಿನಿಮಾದಲ್ಲಿ ಸುಶೇ ಮೊದಲು ಆ ಕಥೆಗಳ ಪೊಲೀಸ್ ಅಧಿಕಾರಿ ಇನ್ಸ್‌ಪೆಕ್ಟರ್ ಜ್ಯಾಪ್ ಆಗಿದ್ದರು. ತಾವೇ ಪ್ವಾರೊ ಆಗುವ ಕರೆ ಬಂದಾಗ ಅಣ್ಣ ಜಾನ್, ಅವರು ಹೆಸರಾಂತ ಟಿವಿ ಸುದ್ದಿವಾಚಕ, ಅದರ ಹತ್ತಿರಕ್ಕೂ ಹೋಗಬೇಡ ಅಂದರಂತೆ. ಸುಶೇ ಒಪ್ಪಿಕೊಂಡರು. ಒಪ್ಪಿದ ಮೇಲೆ ಮಾಡಿದ ಕೆಲಸ ನೋಡಿ: ಅಗಾಥಾ ಕ್ರಿಸ್ಟಿ ಬರೆದ ಪ್ವಾರೊ ಕಥೆಗಳನ್ನು ಓದುತ್ತಾ ಓದುತ್ತಾ ಅವನ ಗುಣ, ಅಭ್ಯಾಸಗಳ ಪಟ್ಟಿ ಮಾಡಿದರು. ಒಟ್ಟು 93! ಟೀಗೆ ಎಷ್ಟು ಸಕ್ಕರೆ ತುಂಡು ಅನ್ನುವುದೂ ಅದರಲ್ಲಿದೆ. ಬೆಲ್ಜಿಯಂ ಮತ್ತು ಫ್ರೆಂಚ್ ರೇಡಿಯೊ ಕೇಳಿ ಕೇಳಿ ಮಾತಿನ ಧಾಟಿ ಹಿಡಿದರು. ಅವರ ಸಹಜ ದನಿ ಎದೆಯಿಂದ ಬರುವಂಥದ್ದು. ಪ್ವಾರೊಗಾಗಿ ಅದನ್ನು ಮೇಲಕ್ಕೆ, ತಲೆಯ ಕಡೆಗೆ ಎತ್ತಿದರು. ಹೊಟ್ಟೆಯೂ ಅವರದ್ದಲ್ಲ, ಬಟ್ಟೆಯೊಳಗೆ ತುರುಕಿದ ಮೆತ್ತೆ. ಕ್ರಿಸ್ಟಿಯ ಮಗಳು ರೊಸಲಿಂಡ್ ಹಿಕ್ಸ್ ಕೂಡ ಎಚ್ಚರಿಸಿದ್ದರು, ಜನ ಪ್ವಾರೊ ಜೊತೆ ನಗಲಿ, ಅವನನ್ನು ನೋಡಿ ನಗಬಾರದು ಅಂತ. ಸುಶೇ ಅದನ್ನು ಕೊನೆಯವರೆಗೂ ಕಾಪಾಡಿದರು. ಅವನ ಶಿಸ್ತಿನ ಹುಚ್ಚು ತಮಾಷೆಯಾಗಿ ಕಂಡರೂ ಅದರ ಹಿಂದಿನ ಒಂಟಿತನ ನಮಗೆ ತಟ್ಟುತ್ತದೆ, ಅಲ್ವಾ?

ಇಷ್ಟು ವರ್ಷ ಒಂದೇ ಪಾತ್ರ ಮಾಡಿದರೆ ಬೇರೆಯವರು ಅದರಲ್ಲೇ ಸಿಕ್ಕಿಕೊಳ್ಳುತ್ತಿದ್ದರು. ಸುಶೇ ನಡುನಡುವೆ ರಂಗಕ್ಕೆ ಮರಳುತ್ತಲೇ ಇದ್ದರು. 1998ರಲ್ಲಿ 'ಅಮೇಡಿಯಸ್' ನಾಟಕದಲ್ಲಿ ಮೊಜಾರ್ಟ್‌ನ ಮೇಲೆ ಹೊಟ್ಟೆಕಿಚ್ಚು ಪಡುವ ಸಂಗೀತಗಾರ ಸಾಲಿಯೇರಿ ಆದರು, ಅದು ನ್ಯೂಯಾರ್ಕಿನ ಬ್ರಾಡ್‌ವೇಗೂ ಹೋಯಿತು, ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿಗೆ ನಾಮನಿರ್ದೇಶನವೂ ಬಂತು. 2010ರಲ್ಲಿ ಆರ್ಥರ್ ಮಿಲ್ಲರ್ ನಾಟಕ 'ಆಲ್ ಮೈ ಸನ್ಸ್'. ಟಿವಿಯಲ್ಲಿ 2001ರ 'ದ ವೇ ವಿ ಲಿವ್ ನೌ' ಧಾರಾವಾಹಿಯ ಮೆಲ್ಮಾಟ್ ಪಾತ್ರ ಸಿಕ್ಕರೆ ಬಿಡಬೇಡಿ. ಊರಿಗೆಲ್ಲಾ ಟೋಪಿ ಹಾಕುವ ಆ ಹಣವಂತನಲ್ಲಿ ಪ್ವಾರೊನ ಸುಳಿವೂ ಸಿಗುವುದಿಲ್ಲ. ನನ್ನ ಮಟ್ಟಿಗೆ ಟಿವಿಯಲ್ಲಿ ಅವರ ಅತ್ಯುತ್ತಮ ಕೆಲಸ ಅದೇ. 2007ರಲ್ಲಿ ಪತ್ರಿಕೆಗಳ ಒಡೆಯ ರಾಬರ್ಟ್ ಮ್ಯಾಕ್ಸ್‌ವೆಲ್ ಆಗಿ ನಟಿಸಿದ್ದಕ್ಕೆ ಅಂತರರಾಷ್ಟ್ರೀಯ ಎಮ್ಮಿ ಟಿವಿ ಪ್ರಶಸ್ತಿ ಬಂತು.

ಪ್ವಾರೊ ಸಾಯುವ ಕೊನೆಯ ಕಥೆ 'ಕರ್ಟನ್' ಪ್ರಸಾರವಾಗಿದ್ದು 2013ರ ನವೆಂಬರ್‌ನಲ್ಲಿ. ಚಿತ್ರೀಕರಣ ಮಾತ್ರ ಮೊದಲೇ ಮುಗಿದಿತ್ತು. ಸಾವಿನ ದೃಶ್ಯದೊಂದಿಗೆ ಪಾತ್ರಕ್ಕೆ ವಿದಾಯ ಹೇಳುವುದು ಸುಶೇಗೆ ಬೇಡವಾಗಿತ್ತು. ಅದಕ್ಕೇ ಕೊನೆಗೆ ಚಿತ್ರೀಕರಿಸಿದ್ದು 'ಡೆಡ್ ಮ್ಯಾನ್ಸ್ ಫಾಲಿ'. ಅದೂ ಡೆವನ್‌ನಲ್ಲಿರುವ ಗ್ರೀನ್‌ವೇಯಲ್ಲಿ, ಸ್ವತಃ ಅಗಾಥಾ ಕ್ರಿಸ್ಟಿಯ ಮನೆಯಲ್ಲಿ.

ಮೀಸೆ ಕಳಚಿಟ್ಟ ಎರಡೇ ವರ್ಷಕ್ಕೆ, 2015ರಲ್ಲಿ, ಆಸ್ಕರ್ ವೈಲ್ಡ್ ನಾಟಕದಲ್ಲಿ ಹೆಣ್ಣು ವೇಷ ಹಾಕಿ ಲೇಡಿ ಬ್ರ್ಯಾಕ್‌ನೆಲ್ ಆಗಿ ಲಂಡನ್ನಿನ ನಾಟಕ ಮಂದಿರಗಳ ಪ್ರದೇಶವಾದ ವೆಸ್ಟ್ ಎಂಡ್ ರಂಗಕ್ಕೆ ಬಂದರು. ಆಗ ಅವರಿಗೆ 69 ವರ್ಷ.